ಲೊಕ್ಕನಹಳ್ಳಿಯ ಕಠಿಣ ಮಾರ್ಗ

ಕೊಳ್ಳೇಗಾಲದಲ್ಲಿ ಸೈಕಲ್ ಬಳಗ ಅಂತ ಒಂದು ಹುಟ್ಟಿಕೊಂಡಾಗ, ಸವಾರಿಗೆ ಚೆಂದದ ದಾರಿ ಹುಡುಕುವ ಹೊಣೆ ನನ್ನ ಹೆಗಲಿಗೆ ಬಿತ್ತು. ಬಿತ್ತು ಅಂದರೆ, ನಾನೇ ಕೇಳಿ ಹಾಕಿಸಿಕೊಂಡೆ. ರೇಷ್ಮೆ ಗೂಡಿನ ವ್ಯಾಪಾರಕ್ಕೆಂದು ಈ ಸೀಮೆಯನ್ನೆಲ್ಲ ಸ್ಕೂಟರಿನಲ್ಲಿ ಅಲೆದವನು ನಾನು. ರಸ್ತೆ ಗೊತ್ತಿದ್ದರೆ ಸಾಕು, ಸ್ಕೂಟರಾದರೇನು ಸೈಕಲ್ಲಾದರೇನು?

ಎಲ್ಲರ ಕಾಲಿನ ಶಕ್ತಿ ಒಂದೇ ಇರುವುದಿಲ್ಲವಾದ್ದರಿಂದ ಮೂರು ಮಾರ್ಗ ಮಾಡಿದೆ. ಸುಲಭದವರು ಮುಳ್ಳೂರಿಗೆ, ಸಪಾಟು ರಸ್ತೆ, ಪಕ್ಕದಲ್ಲಿ ಗದ್ದೆ, ಗದ್ದೆಯಲ್ಲಿ ಕೊಕ್ಕರೆ. ಮಧ್ಯಮದವರು ಯಳಂದೂರಿಗೆ. ಕಠಿಣದವರು ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಗೆ. ಬೆಟ್ಟದ ಸಾಲು, ಕಾಡಂಚು, ಕೊನೆಯಲ್ಲಿ ಉಸಿರು ಕೀಳುವ ಒಂದು ಏರು.

ಯಾರ ಕಾಲಲ್ಲಿ ಎಷ್ಟು ಶಕ್ತಿ ಇದೆಯೆಂದು ಅಳೆಯುವುದು ಹೇಗೆ? ಸೈಕಲ್ ನೋಡಿ ಅಳೆದೆ. ಕಾಲೇಜು ಮೇಷ್ಟ್ರು ಶಿವರುದ್ರಸ್ವಾಮಿಯ ಸೈಕಲ್ಲಿಗೆ ಎಷ್ಟು ಗೇರಿವೆಯೋ ಅವರಿಗೇ ಗೊತ್ತಿಲ್ಲ. ಅವರು ಕಠಿಣ. ಗೂಡಿನ ಮಾರ್ಕೆಟ್ಟಿನಲ್ಲಿ ನನ್ನ ಜೊತೆಗಾರ ಚೌಡೇಶನ ಹೊಟ್ಟೆ ಅವನಿಗಿಂತ ಮೊದಲು ಬರುತ್ತದೆ ನಿಜ, ಆದರೆ ಹೆಲ್ಮೆಟ್ಟು, ಕೈಗವಸು, ಬಿಗಿ ಚಡ್ಡಿ ಎಲ್ಲ ತರಿಸಿದ್ದ. ಅಂಥವನನ್ನು ಮುಳ್ಳೂರಿಗೆ ಕಳಿಸಲಾಗುತ್ತದೆಯೇ? ಇನ್ನು ಮಾರ್ಗ ಹಾಕಿದ ನಾನು ಸುಲಭದಲ್ಲಿ ಹೋದರೆ ನಾಲ್ಕು ಜನ ಏನಂದಾರು? ನಾನೂ ಕಠಿಣ.

ನನ್ನ ಹೆಂಡತಿ ರುದ್ರಾಣಿಯನ್ನು ಸುಲಭಕ್ಕೆ ಹಾಕಿದೆ. ಮಗಳು ಇಂಚರ ಮೈಸೂರಿನ ಹಾಸ್ಟೆಲ್ಲಿಗೆ ಹೋದ ಮೇಲೆ ಅವಳ ಹಳೇ ಸೈಕಲ್ಲಿನಲ್ಲಿ ಬಿದ್ದು ಎದ್ದು ಕಲಿತವಳು. ಮುಂದೆ ಬುಟ್ಟಿ ಇರುವ ಸೈಕಲ್ಲು. ಬುಟ್ಟಿ ಇರುವ ಸೈಕಲ್ಲು ಕಠಿಣಕ್ಕೆ ಹೋಗಿದ್ದನ್ನು ಯಾರಾದರೂ ಕಂಡಿದ್ದಾರೆಯೇ?

"ಲೊಕ್ಕನಳ್ಳಿ ನಮ್ಮವ್ವನ ಊರು ಕಣ್ರಿ. ನನ್ನ ತವರಿಗೆ ನೀವೆಲ್ಲ ಓಗಿ, ನಾನು ಮುಳ್ಳೂರ್ಗೆ ಓಗಿ ಕೊಕ್ಕರೆ ನೋಡ್ಲಾ?" ಅಂದಳು.

"ಅದು ಕಠಿಣ ಮಾರ್ಗ," ಅಂದೆ. "ಸಂಜೆಯಾದ್ರೆ ರಸ್ತೆಗೆ ಆನೆ ಬತ್ತವೆ."

"ಒರಡೋದು ಬೆಳಿಗ್ಗೆ ತಾನೆ?"

ನಾನು ಪೇಪರ್ ಓದತೊಡಗಿದೆ. ಅವಳು ಬಿಡಲಿಲ್ಲ.

"ಮದ್ವೆ ಆದಾಗಿಂದ ತವರಿನ ಒಸ್ಲು ಮೆಟ್ಟಿದಾಗೆಲ್ಲ ಅವ್ವ ಮೊದ್ಲು ಕೇಳೋದು ಒಂದೇ ಮಾತು, 'ಯಾರು ಕರಕಂಡ್ ಬಂದ್ರವ್ವ?' ನೀವು ಬಂದ್ರೆ ನೀವು, ಇಲ್ದಿದ್ರೆ ಅಣ್ಣ, ಇಲ್ದಿದ್ರೆ ಬಸ್ನಲ್ಲಿ ಯಾರಾದ್ರೂ ಪರಿಚಯದೋರು. ಒಂದ್ಸಲನಾದ್ರೂ 'ನಾನೇ ಬಂದೆ ಕಣವ್ವ' ಅನ್ಬೇಕು ಅಂತ ನಂಗೆ ಆಸೆ."

ಇದೂ ಒಂದು ಆಸೆಯೇ ಅಂದುಕೊಂಡು ನಾನು ಪುಟ ತಿರುವಿದೆ.

ಕಠಿಣ ಮಾರ್ಗದಲ್ಲಿ ನನ್ನ ಜಾಣತನವೆಲ್ಲ ಕಾಣುತ್ತಿದ್ದದ್ದು ತಂಗುದಾಣಗಳಲ್ಲಿ. ನೀರಿಗೆ, ನೆರಳಿಗೆ ಅಂಗಡಿ ಮುಂಗಟ್ಟು ಯಾಕೆ, ದಾರಿಯುದ್ದಕ್ಕೂ ನಮ್ಮವರೇ ಇದ್ದಾರಲ್ಲ! ಮೊದಲ ಊರಿನಲ್ಲಿ ಶಿವರುದ್ರಸ್ವಾಮಿಯ ಬೀಗರ ಮನೆ, ಅದರಾಚೆಗೆ ಚೌಡೇಶನ ತಂಗಿ ಮನೆ. ಮೂರು ದಿನ ಮುಂಚೆ ಫೋನ್ ಮಾಡಿ, "ಏನೂ ಮಾಡಬೇಡಿ, ಬರೀ ನೀರು ಸಾಕು" ಅಂದಿದ್ದೆ. ನಮ್ಮ ಕಡೆ ಆ ಮಾತಿಗೆ ಏನರ್ಥ ಎಂಬುದು ಹುಟ್ಟಿದಾಗಿನಿಂದ ಇಲ್ಲೇ ಇರುವ ನನಗೆ ಹೊಳೆಯಲಿಲ್ಲ.

ಭಾನುವಾರ ಮಂಜು ಕರಗುವ ಮುನ್ನ ಹೊರಟೆವು. ಬೀಗರ ಮನೆಯಲ್ಲಿ ಜಗಲಿಗೆ ಚಾಪೆ ಹಾಸಿತ್ತು. ಇಡ್ಲಿ ಬಂತು, ಅದರ ಹಿಂದೆ ಉಪ್ಪಿಟ್ಟು, ಕೊನೆಗೆ ತುಪ್ಪ ಸುರಿದ ಒಬ್ಬಟ್ಟು. ಬೇಡ ಅಂದರೆ, "ಯಾಕ್ ಸಾ, ನಮ್ಮನೇಲಿ ಏನ್ ಕೊರೆ ಆಯ್ತು?" ಅನ್ನುತ್ತಾರೆ. ಬೀಗರ ಮನೆಯಲ್ಲಿ ಕೊರೆ ಹೇಳಿ ಬದುಕಿದವರುಂಟೇ? ತಿಂದೆವು. ಅಲ್ಲಿಂದ ಮುಂದೆ ಬೆಟ್ಟದ ಸಾಲು ನಿಜಕ್ಕೂ ಸೊಗಸಾಗಿತ್ತು, ಆದರೆ ನಮ್ಮ ಮೂವರ ಕಣ್ಣೂ ಎಳೆಯುತ್ತಿತ್ತು.

ಚೌಡೇಶನ ತಂಗಿ ಮನೆಯಲ್ಲಿ ಅವರೆಕಾಯಿ ಕಾಲದ ಹಿತಕಿದಬೇಳೆ ಸಾರು, ಮುದ್ದೆ, ಪಾಯಸ. ಅಣ್ಣನ ಗೆಳೆಯರು ಅರೆಹೊಟ್ಟೆಯಲ್ಲಿ ಎದ್ದರೆ ಅವಳು ಅತ್ತುಬಿಡುತ್ತಿದ್ದಳು. ಶಿವರುದ್ರಸ್ವಾಮಿ ಎರಡನೇ ಮುದ್ದೆಗೇ ಗೋಡೆಗೆ ಒರಗಿದರು. ಚೌಡೇಶ ಹೆಲ್ಮೆಟ್ಟನ್ನೇ ತಲೆದಿಂಬು ಮಾಡಿಕೊಂಡು ಗೊರಕೆ ಶುರುಮಾಡಿದ.

ಆಗ ಬೀದಿಯಲ್ಲಿ ಬೆಲ್ಲಿನ ಸದ್ದಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬುಟ್ಟಿಯಲ್ಲಿ ತಾಯಿಗೊಂದು ಸೀರೆ ಇಟ್ಟುಕೊಂಡು ರುದ್ರಾಣಿ ಬರುತ್ತಿದ್ದಳು. ಸುಲಭದವರೆಲ್ಲ ಮುಳ್ಳೂರಿನ ಕಡೆ ತಿರುಗಿದ ಮೇಲೆ ಇವಳೊಬ್ಬಳು ನಮ್ಮ ಹಿಂದೆ ತಿರುಗಿದ್ದಳು. 

"ಬಾ ರುದ್ರಾಣಕ್ಕ, ಊಟ ಮಾಡ್ಕಂಡು ಓಗು," ಎಂದು ಚೌಡೇಶನ ತಂಗಿ ಓಡಿದಳು.

"ತವರಿಗೆ ಓಯ್ತಾ ಇವ್ನಿ ಕಣವ್ವ."

ಅಷ್ಟೇ. ನಮ್ಮನ್ನು ಸೆರೆಹಿಡಿದಿದ್ದ ಆ ಹೆಂಗಸು ಮತ್ತೆ ಒತ್ತಾಯ ಮಾಡಲಿಲ್ಲ. ತವರಿನ ಕಡೆ ಮುಖ ಮಾಡಿದ ಹೆಣ್ಣನ್ನು ನಮ್ಮಲ್ಲಿ ಯಾರೂ ತಡೆಯುವುದಿಲ್ಲ. ಒಳಗಿಂದ ಕುಂಕುಮದ ಬಟ್ಟಲು ತಂದಳು. ರುದ್ರಾಣಿ ಸೈಕಲ್ಲಿನಿಂದ ಇಳಿಯದೆ ಹಣೆಯನ್ನಷ್ಟೇ ಬಗ್ಗಿಸಿದಳು. ಆಮೇಲೆ ನನ್ನ ಎಲೆ ನೋಡಿ, "ನಿದಾನಕ್ಕೆ ಉಣ್ಕಂಡು ಬನ್ನಿ," ಎಂದು ಹೊರಟೇಬಿಟ್ಟಳು. ನನಗೆ ಹೊಟ್ಟೆಕಿಚ್ಚಾಯಿತು. ತುಂಬಿದ ಹೊಟ್ಟೆಯಲ್ಲೂ ಅದಕ್ಕೆ ಜಾಗ ಇತ್ತು.

ಒಬ್ಬನೇ ಬೆನ್ನಟ್ಟಿದೆ. ಏರಿನ ಬುಡಕ್ಕೆ ಬರುವಷ್ಟರಲ್ಲಿ ಅವಳು ಅರ್ಧ ಏರು ದಾಟಿದ್ದಳು, ಇಳಿದು, ಸೈಕಲ್ ತಳ್ಳಿಕೊಂಡು, ಹಾಡು ಗುನುಗುತ್ತಾ. ತಳ್ಳಬಹುದು ಎಂಬುದು ನನಗೂ ಗೊತ್ತಿತ್ತು. ಆದರೆ ಜೋಳದ ಹೊಲದವರೆಲ್ಲ ನಿಂತು ನೋಡುತ್ತಿದ್ದರು, ಕಠಿಣದವನು ತಳ್ಳುವುದುಂಟೇ? ಎದ್ದು ನಿಂತು ತುಳಿದೆ. ಒಬ್ಬಟ್ಟು, ಮುದ್ದೆ, ಪಾಯಸ ಒಟ್ಟಾಗಿ ಮೇಲೆ ಬಂದವು. ಕಲ್ಲಿನ ಮೇಲೆ ಕುಸಿದು ಕೂತೆ.

ಬಹಳ ಹೊತ್ತಿನ ಮೇಲೆ ಗೂಡು ಸಾಗಿಸುವ ದೊಡ್ಡಮಾದಯ್ಯನ ಲಗೇಜ್ ಆಟೋ ಬಂದು ನಿಂತಿತು. ಏನೂ ಕೇಳದೆ ನನ್ನ ಸೈಕಲ್ಲನ್ನು ಖಾಲಿ ಕ್ರೇಟುಗಳ ಮೇಲೆ ಎತ್ತಿ ಹಾಕಿದ. ಹತ್ತಿದೆ. ಊರು ಹತ್ತಿರವಾದಾಗ, "ಇಲ್ಲೇ ಇಳಿಸಿಬಿಡು ಮಾದಯ್ಯ," ಅಂದೆ.

"ಊರಳಿಯನ್ನ ಊರಾಚೆ ಇಳ್ಸದಾ ಸಾ? ಜನ ನನ್ನ ಉಗಿದ್ಬುಟ್ಟಾರು," ಎಂದು ಹಾರನ್ ಹೊಡೆಯುತ್ತಾ ನೇರ ಅತ್ತೆ ಮನೆ ಬಾಗಿಲಿಗೇ ತಂದು ನಿಲ್ಲಿಸಿದ.

ಜಗಲಿಯಲ್ಲಿ ಅಕ್ಕಪಕ್ಕದ ಹೆಂಗಸರ ನಡುವೆ ರುದ್ರಾಣಿ ಕಾಲು ಚಾಚಿ ಕೂತಿದ್ದಳು. ಬುಟ್ಟಿ ಸೈಕಲ್ಲು ಹೊಸ್ತಿಲ ಪಕ್ಕದಲ್ಲೇ ನಿಂತಿತ್ತು. ಅವಳ ಮುಖ ನೋಡಿದ ಕೂಡಲೇ ತಿಳಿಯಿತು, ಹೇಳಬೇಕಾದ ಮಾತನ್ನು ಹೇಳಿಯಾಗಿದೆ. ಅಷ್ಟು ಹಗುರಾದ ಮುಖ ಅವಳಿಗಿದೆಯೆಂದೇ ನನಗೆ ಗೊತ್ತಿರಲಿಲ್ಲ.

ನಮ್ಮತ್ತೆ ಚಿಕ್ಕನಿಂಗಮ್ಮ ಚೊಂಬಿನಲ್ಲಿ ನೀರು ತಂದರು. ಆಟೋ ನೋಡಿದರು, ಕ್ರೇಟಿನ ಮೇಲೆ ಮಲಗಿದ್ದ ನನ್ನ ಸೈಕಲ್ ನೋಡಿದರು. ಕುಹಕ ಅವರಿಗೆ ಗೊತ್ತಿಲ್ಲ. ಬಾಗಿಲಿಗೆ ಬಂದವರನ್ನು ಕೇಳುವ ಮಾತನ್ನೇ, ಅಷ್ಟೇ ಅಕ್ಕರೆಯಿಂದ ಕೇಳಿದರು.

"ಬನ್ನಿ ಅಳಿಯಂದ್ರೆ. ಯಾರು ಕರಕಂಡ್ ಬಂದ್ರು?"

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮಾದಯ್ಯ, "ನಾನೇ ಕಣವ್ವ," ಅಂದ.