ನೆಗ್ಗು ತೆಗೆಯುವ ಕೈ

ತಿಂಗಳಿಗೆ ಎರಡು ಭಾನುವಾರ ಮಕ್ಕಳು ನನ್ನವರು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ನಾನೂ ಫಿರದೋಸಳೂ ಬೇರೆಯಾದಾಗ ಜಮಾತಿನ ಹಿರಿಯರು ಕೂತು ಮಾಡಿಕೊಟ್ಟ ಏರ್ಪಾಡು ಇದು. ಅವಳು ಮಕ್ಕಳೊಂದಿಗೆ ಬೈರಿದೇವರಕೊಪ್ಪದ ತವರುಮನೆಯಲ್ಲಿದ್ದಾಳೆ, ನಾನು ಮೊದಲು ನಾಲ್ವರೂ ಇದ್ದ ಬೆಂಗೇರಿಯ ಎರಡು ಕೋಣೆಯ ಮನೆಯಲ್ಲಿ. ಆ ಆರು ಗಂಟೆ ನಾನು ತಂದೆ. ಉಳಿದ ಹೊತ್ತೆಲ್ಲ ಕಾರುಗಳ ನೆಗ್ಗು ತೆಗೆದು ಬಣ್ಣ ಹೊಡೆಯುವ ಹಫೀಜ.

ಈ ಕೆಲಸದಲ್ಲಿ ನನಗೆ ಸರಿಸಾಟಿಯಾದವರು ಹುಬ್ಬಳ್ಳಿಯಲ್ಲಿ ಇಬ್ಬರಿದ್ದರು, ಅವರಲ್ಲಿ ಒಬ್ಬನಿಗೆ ಈಗ ಕಣ್ಣು ಕಾಣುವುದಿಲ್ಲ. ಜಂಭ ಅಂತ ಬೇಕಾದರೆ ಅನ್ನಿ. ಎಲ್ಲಾದರೂ ನೆಗ್ಗು ಕಂಡರೆ ನನಗೆ ಅನ್ನ ಸೇರುವುದಿಲ್ಲ.

ಆರು ವರ್ಷದ ಬಿಲಾಲನ ಚಿಂತೆ ನನಗಿರಲಿಲ್ಲ. ಐಸ್‌ಕ್ರೀಮ್ ಕೊಡಿಸಿದವರೆಲ್ಲ ಅವನಿಗೆ ಬಳಗವೇ. ಚಿಂತೆ ಹನ್ನೆರಡರ ಜೋಯಾಳದು. ರಮಜಾನ್ ಮುಗಿದಾಗಿನಿಂದ ಅವಳು ನನ್ನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಉಣಕಲ್ ಕೆರೆಗೆ ಬರುತ್ತಾಳೆ, ಗಾಜಿನ ಮನೆಗೆ ಬರುತ್ತಾಳೆ, ಬೆಂಗೇರಿ ಅಂದರೆ ಮಾತ್ರ ಬೇಡ. ಯಾಕೆಂದು ಕೇಳಿದರೆ ಬಾಯಿಗೆ ಬೀಗ. ಮನೆಯೊಳಗೆ ನಮ್ಮದು ಉರ್ದು. ಸಿಟ್ಟು ಬಂದಾಗ ಜೋಯಾ ನನ್ನ ಜೊತೆ ಕನ್ನಡಕ್ಕೆ ಇಳಿಯುತ್ತಾಳೆ, ಹೊರಗಿನವರ ಜೊತೆ ಮಾತಾಡಿದ ಹಾಗೆ. ಆರು ತಿಂಗಳಿನಿಂದ ಬರೀ ಕನ್ನಡವೇ ಆಗಿತ್ತು.

ಹೋದ ಸಲ ಅವಳೇ ಬಾಯಿಬಿಟ್ಟಳು. "ಧಾರವಾಡದಾಗ ಹೊಸಾ ಆರ್ಟ್ ಮ್ಯೂಸಿಯಂ ಆಗೇತಂತ ಅಬ್ಬಾ. ಅಲ್ಲಿ ಕರಕೊಂಡು ಹೋಗ್ರಿ. ಆಮ್ಯಾಲೆ ನಿಮ್ಮ ಮನಿಗೆ ಊಟಕ್ಕ ಬರ್ತೇನಿ."

‘ನಿಮ್ಮ ಮನಿ’ ಅಂದದ್ದು ಚುಚ್ಚಿತು. ಆದರೂ ಬರುತ್ತೇನೆ ಅಂದಳಲ್ಲ! ಮುಂದಿನ ಸರದಿಯ ಭಾನುವಾರ ಬೇಗ ಎದ್ದು ಬಿರಿಯಾನಿ ದಮ್ಮಿಗೆ ಇಟ್ಟೆ, ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತಿದೆ, ಮೂರು ತಾಟು ತೊಳೆದು ಚಾಪೆಯ ಮೇಲೆ ಇಟ್ಟು, ಒಲೆ ಆರಿಸಿ ಸ್ಕೂಟರ್ ಹತ್ತಿದೆ.

ಮ್ಯೂಸಿಯಂ ಇದ್ದದ್ದು ಕೆಲಗೇರಿ ಕೆರೆಯ ಹತ್ತಿರ. ಒಳಗೆ ತಂಪು, ಜನ ಕಡಿಮೆ. ಒಂದು ಗೋಡೆಗೆ ಆಳೆತ್ತರದ ಬಿಳಿ ಹಲಗೆ ನಿಲ್ಲಿಸಿದ್ದರು, ಮೂಲೆಯಲ್ಲೊಂದು ಕೆಂಪು ಚುಕ್ಕೆ. ಅಷ್ಟೇ.

"ಪೇಂಟರ್ ಬರೀ ಪ್ರೈಮರ್ ಹೊಡದು ಊಟಕ್ಕ ಹೋಗ್ಯಾನ ನೋಡ ಮಗಾ," ಅಂದೆ.

ಜೋಯಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಚುಪ್ ಬೈಠೋ ಅಬ್ಬಾ!" ಅಂದಳು. ಉರ್ದುವಿನಲ್ಲಿ! ನನಗೆ ಆಗ ಆದ ಖುಷಿ ಯಾರ ಮುಂದೆ ಹೇಳಿಕೊಳ್ಳಲಿ? ಇನ್ನೊಂದು ಸಲ ನಗಿಸಬೇಕು ಅನ್ನುವ ಹುಚ್ಚು ಹತ್ತಿತು.

ಕೊನೆಯ ಕೋಣೆಯಲ್ಲಿ ಸೂರಿನಿಂದ ಎರಡು ತಂತಿಗೆ ಒಂದು ಕಾರಿನ ಬಾಗಿಲು ತೂಗುಹಾಕಿದ್ದರು. ಹಳೆಯ ಮಾರುತಿಯ ಎಡಗಡೆಯ ಮುಂದಿನ ಬಾಗಿಲು, ಬಣ್ಣ ಕಂಪನಿಯದೇ. ನಟ್ಟನಡುವೆ ಊಟದ ತಾಟಿನಷ್ಟು ಅಗಲದ ನೆಗ್ಗು. ಬಣ್ಣ ಎಲ್ಲೂ ಒಡೆದಿರಲಿಲ್ಲ. ಹಿಂದಿನ ಹೊದಿಕೆ ತೆಗೆದಿದ್ದರಿಂದ ಕೈ ಸಲೀಸಾಗಿ ಒಳಗೆ ಹೋಗುತ್ತಿತ್ತು. ಪಕ್ಕದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿದ್ದರು. ಧಾರವಾಡದಲ್ಲಿ ಕೂತು ಕನ್ನಡದಲ್ಲಿ ಬರೆಯಲು ಇವರಿಗೇನು ಧಾಡಿ!

"ಜೋಯಾ, ಇಲ್ಲಿ ನೋಡು, ನಿಮ್ಮಪ್ಪನ ಕೈ," ಅಂದೆ. ಹಿಂದಿನಿಂದ ಎರಡೂ ಹೆಬ್ಬೆರಳು ಕೊಟ್ಟು ಒತ್ತಿದೆ.

ಟಪ್ ಅಂತು. ಬಾಗಿಲು ಶೋರೂಮಿನಿಂದ ಇಳಿದ ದಿನದ ಹಾಗಾಯಿತು. ಬಿಲಾಲ ಚಪ್ಪಾಳೆ ತಟ್ಟಿದ. ಜೋಯಾ ತಟ್ಟಲಿಲ್ಲ. ಅವಳ ಕಣ್ಣು ಚೀಟಿಯ ಮೇಲಿತ್ತು.

"ಏನ್ ಬರದಾರ?" ಅಂದೆ.

ಅವಳು ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಳು. "ನಾನು ಎಂಟು ವರ್ಷದಾಕಿ ಇದ್ದಾಗ ಸೈಕಲ್ ಕಲಿಯಾಕ ಹೋಗಿ ಈ ಬಾಗಲಾ ಮ್ಯಾಲೆ ಬಿದ್ದೆ. ಅಪ್ಪಾ ಬೈಲಿಲ್ಲ. ತಾನು ಸಾಯೂತನಕ ಈ ನೆಗ್ಗು ತಗಸಲಿಲ್ಲ."

ನನ್ನ ಕೈ ಇನ್ನೂ ಬಾಗಿಲಿನ ಒಳಗೇ ಇತ್ತು. ಶಬ್ದ ಕೇಳಿ ಕಾವಲುಗಾರ ಕುಬೇರಪ್ಪ ಓಡಿಬಂದ. "ಏನ್ ಮಾಡಿದ್ರಿ ಮಾರಾಯ್ರ! ಮುಟ್ಟಬಾರದು ಅಂತ ಗೊತ್ತಿಲ್ಲೇನ್ರಿ?" ಎಂದು ಕೂಗಾಡಿದ. ಕಚೇರಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಬಾಗಿಲು ತೂಗುಹಾಕಿದ ಕಲಾವಿದೆ ಅವಳೇ, ಹೆಸರು ಋತುಜಾ. ನೆಗ್ಗಿದ್ದ ಜಾಗದ ಮೇಲೆ ಅಂಗೈ ಆಡಿಸಿದಳು. ಮತ್ತೊಮ್ಮೆ ಆಡಿಸಿದಳು.

"ನನಗ ಇಂಗ್ಲಿಷ್ ಓದಾಕ ಬರೂದಿಲ್ರೀ ಮೇಡಮ್," ಅಂದೆ. "ಒಂದ್ ಹತ್ತು ಮಿನಿಟು ಕೊಡ್ರಿ. ಗುದ್ದಿ, ಇದ್ದಂಗ ಮಾಡಿ ಕೊಡ್ತೇನಿ."

"ಮಾಡ್ತೀರಿ ಖರೇ, ಕಾಕಾ," ಅಂದಳು ಅವಳು ಮೆಲ್ಲಗೆ. "ಆದ್ರ ಅದು ನೀವು ಹಾಕಿದ ನೆಗ್ಗ ಆಕೈತ್ರಿ." ಆಮೇಲೆ ಕುಬೇರಪ್ಪನ ಕಡೆ ತಿರುಗಿದಳು. "ಮಕ್ಕಳ ಮುಂದ ಏನೂ ಅನಬ್ಯಾಡ್ರಿ. ಕಳಸ್ರಿ ಅವರನ್ನ."

ಎರಡು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ. ನನಗೆ ದೊಣ್ಣೆಯೂ ಬೇಕಾಗಲಿಲ್ಲ.

ಹೊರಗೆ ಸ್ಕೂಟರಿನ ಹತ್ತಿರ ಬಂದಾಗ ಜೋಯಾ ನಿಂತಳು. "ನಮ್ಮ ಗ್ವಾಡಿಗೂ ಹಿಂಗ ಮಾಡಿದ್ರಿ," ಅಂದಳು.

"ಯಾವ ಗ್ವಾಡಿ?"

"ಹಾಸಿಗಿ ಬಾಜೂಕಿಂದು. ಗಾಡಿ ಮ್ಯಾಲೆ ನಾವು ನಾಕೂ ಮಂದಿ ಕುಂತ ಚಿತ್ರಾ ಬರದಿದ್ನೆಲ್ಲ. ಅಮ್ಮೀನೂ ಇದ್ಲು."

ನೆನಪಾಯಿತು. ಅವಳು ಒಂದನೇ ಇಯತ್ತೆಯಲ್ಲಿದ್ದಾಗ ಮೇಣದ ಬಣ್ಣದಲ್ಲಿ ಬರೆದದ್ದು. ಮುಂದೆ ನಾನು, ಹಿಂದೆ ಫಿರದೋಸಳ ಉಡಿಯಲ್ಲಿ ಕೂಸು, ತುದಿಯಲ್ಲಿ ಎರಡು ಜಡೆಯ ಜೋಯಾ. ರಮಜಾನಿಗೆ ಮಕ್ಕಳು ಬರುತ್ತಾರೆ, ಮನೆ ಹೊಸದಾಗಿ ಕಾಣಲಿ ಎಂದು ಗೋಡೆಗೆಲ್ಲ ಆಕಾಶ ಬಣ್ಣ ಹೊಡೆದಿದ್ದೆ. ಹಬ್ಬದ ದಿನ ಜೋಯಾ ಒಳಗೆ ಬಂದು, ಒಂದು ಗಳಿಗೆ ನಿಂತು, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಿದ್ದಳು. ಬಣ್ಣದ ವಾಸನೆ ಆಗಿಬಂದಿಲ್ಲ ಅಂದುಕೊಂಡಿದ್ದೆ. ನನ್ನಂಥ ಕುರುಡ ಯಾರಿದ್ದಾರೆ!

"ನಿಮಗ ಛಲೋ ಕಾಣ್ಲಿ ಅಂತ ಮಾಡಿದ್ದೆನವಾ," ಅಂದೆ.

"ನನ್ನ ಒಂದ್ ಮಾತು ಕೇಳಬೇಕಿತ್ತು."

ಬೈರಿದೇವರಕೊಪ್ಪ ಬಂದಾಗ ಭುಜ ತಟ್ಟಿ, "ಇಲ್ಲೇ ಇಳಸ್ರಿ," ಅಂದಳು. ಗಂಟೆ ಒಂದೂ ಆಗಿರಲಿಲ್ಲ. ನನ್ನ ಪಾಲಿನ ಮೂರು ತಾಸು ಇನ್ನೂ ಉಳಿದಿತ್ತು.

"ಬಿರಿಯಾನಿ?" ಅಂತ ಬಿಲಾಲ ಕೇಳಿದ. ಅವಳು ಅವನ ಕೈ ಹಿಡಿದು ಎಳೆದುಕೊಂಡು ಹೋದಳು. ಹಿಂತಿರುಗಿ ನೋಡಲಿಲ್ಲ.

ಮನೆಯಲ್ಲಿ ಮೂರು ತಾಟು ಹಾಗೇ ಇದ್ದವು. ಪಾತ್ರೆಯ ಹಿಟ್ಟು ಬಿಚ್ಚಲು ಮನಸ್ಸಾಗಲಿಲ್ಲ. ಎಮರಿ ಪೇಪರ್ ನೀರಿಗೆ ಅದ್ದಿ, ಹಾಸಿಗೆಯ ಪಕ್ಕದ ಗೋಡೆ ತಿಕ್ಕಲು ಕೂತೆ. ಆಕಾಶ ಬಣ್ಣ ಹೋಯಿತು, ಪ್ರೈಮರ್ ಹೋಯಿತು, ಪುಟ್ಟಿ ಹೋಯಿತು. ಒಂದು ಗೆರೆ ಸಿಕ್ಕರೂ ಸಾಕಿತ್ತು, ಒಂದು ಜಡೆಯ ತುದಿ. ಬರೀ ಸಿಮೆಂಟು ಕಂಡಿತು. ಮೇಣದ ಮೇಲೆ ಬಣ್ಣ ಹಿಡಿಯುವುದಿಲ್ಲವೆಂದು ನಾನೇ ತಗಡಿನ ಪತ್ತಿಯಿಂದ ಕೆರೆದು, ಸೀಮೆಎಣ್ಣೆಯಿಂದ ಒರೆಸಿ, ಎರಡು ಕೈ ಪುಟ್ಟಿ ಎಳೆದಿದ್ದೆ. ಯಾವನಾದರೂ ಕಳ್ಳಗೆಲಸದವನನ್ನು ಕರೆಸಿದ್ದರೆ ನಾವು ನಾಲ್ಕೂ ಜನ ಇವತ್ತಿಗೂ ಬಣ್ಣದ ಕೆಳಗೆ ಇರುತ್ತಿದ್ದೆವು.

ನಾಲ್ಕು ಹೊಡೆಯುವ ಮೊದಲು ಫೋನ್ ಮಾಡಿದೆ. ಜೋಯಾಳೇ ಎತ್ತಿದಳು. ಗೋಡೆ ತಿಕ್ಕಿ ನೋಡಿದೆ ಅಂದೆ.

ಸಣ್ಣ ದನಿಯಲ್ಲಿ, ಉರ್ದುವಿನಲ್ಲಿ, ಏನೂ ಉಳಿದಿಲ್ಲವಾ ಅಬ್ಬಾ ಎಂದು ಕೇಳಿದಳು.

ಒಂದು ಸುಳ್ಳು ಹೇಳಬಹುದಿತ್ತು. ಆಗಲಿಲ್ಲ. "ಏನೂ ಇಲ್ಲ ಮಗಳೇ," ಅಂದೆ. "ಕೆಲಸ ಪಕ್ಕಾ ಮಾಡಿಬಿಟ್ಟಿದ್ದೆ."

ಅವಳು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.