ಮುನಿರಾಮಪ್ಪನ ಮೂರು ಗೆರೆ

ಮುನಿರಾಮಪ್ಪನ ಹೆಸರಿನ ಹಾಜರಿ ಹಾಳೆಯಲ್ಲಿ ಹನ್ನೆರಡು ಗುರುವಾರಗಳಿಗೂ ಟಿಕ್ ಬಿದ್ದಿತ್ತು. ಸುನಂದ ಗೌನಿಪಲ್ಲಿ ಆಚೆಯ ಅವನ ಊರಿಗೆ ಹೋಗಿದ್ದು ಮಾತ್ರ ಮೂರೇ ಸಲ.

ಮರೆವು ಆಗಷ್ಟೇ ಶುರುವಾದವರ ಮನೆಗೆ ವಾರಕ್ಕೊಮ್ಮೆ ಹೋಗಿ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಕುರ್ಚಿಯಿಂದ ಹತ್ತು ಸಲ ಎಬ್ಬಿಸಿ ಕೂರಿಸಬೇಕು, ನೇರ ಗೆರೆಯ ಮೇಲೆ ನಡೆಸಬೇಕು, ನಡೆಯುತ್ತಲೇ ಮಾವಿನ ಜಾತಿಗಳ ಹೆಸರು ಹೇಳಿಸಬೇಕು. ನಾಲ್ಕನೇ ವಾರ ಶ್ರೀನಿವಾಸಪುರದಲ್ಲಿ ಬಸ್ಸು ತಪ್ಪಿತು. ಮುಂದಿನ ವಾರ ಬಿಸಿಲು ಜಾಸ್ತಿ ಇತ್ತು. ಆಮೇಲೆ ಕಾರಣವೂ ಬೇಕಾಗಲಿಲ್ಲ. ಸಂಜೆ ಮುನಿರಾಮಪ್ಪನ ಹೆಂಡತಿ ದೊಡ್ಡಗಂಗಮ್ಮನಿಗೆ ಫೋನು ಮಾಡಿ, “ಬಂದು ಮಾಡಿಸಿ ಹೋದೆ ಅಜ್ಜಿ” ಎಂದರೆ ಮುಗಿಯಿತು. ಅಜ್ಜಿ ಹಗಲೆಲ್ಲ ಹಿಪ್ಪುನೇರಳೆ ತೋಟದಲ್ಲಿ ಇರುತ್ತಿದ್ದಳು. ಮನೆಯಲ್ಲಿ ಮುದುಕ ಒಬ್ಬನೇ. ಮರೆಯುವವನಿಗಿಂತ ಒಳ್ಳೆಯ ಸಾಕ್ಷಿ ಸುಳ್ಳಿಗೆ ಎಲ್ಲಿ ಸಿಗುತ್ತದೆ?

ಇವತ್ತು ಕೋಲಾರದ ಆಫೀಸಿನಿಂದ ಮೇಲ್ವಿಚಾರಕಿ ಮೌನಿಕಾ ಬಂದಿದ್ದಳು, ವ್ಯಾಯಾಮ ಹೇಗೆ ನಡೆಯುತ್ತಿದೆ ಎಂದು ಮನೆಮನೆಯಲ್ಲಿ ವಿಚಾರಿಸಲು. ಸುನಂದ ಬ್ಯಾಗನ್ನು ಎದೆಗೆ ಅವುಚಿಕೊಂಡು ಅವಳ ಹಿಂದೆ ನಿಂತಳು.

“ತಾತ, ಇವ್ರು ಎಷ್ಟು ಸಲ ಬಂದಿದ್ರು?”

“ಮೂರು” ಎಂದ ಮುನಿರಾಮಪ್ಪ, ಗೋಡೆಯ ಕಡೆ ಕೈ ತೋರಿಸಿ. ಅಲ್ಲಿ ಇದ್ದಿಲಿನಲ್ಲಿ ಎಳೆದ ಮೂರು ಗೆರೆಗಳಿದ್ದವು. ನಲವತ್ತು ವರ್ಷ ಮಾವಿನ ಮಂಡಿಯಲ್ಲಿ ಕ್ರೇಟು ಎಣಿಸಿದವನು ಅವನು. ನಾಲ್ಕು ಗೆರೆ ನಿಲ್ಲಿಸಿ ಐದನೆಯದನ್ನು ಅಡ್ಡ ಹೊಡೆಯುವುದು ಮಂಡಿಯ ಪದ್ಧತಿ.

“ಇದೇ ಕಣಮ್ಮ ಇವರ ರೋಗ” ಎಂದಳು ದೊಡ್ಡಗಂಗಮ್ಮ. “ಬಂದೋಳನ್ನ ಬಂದೇ ಇಲ್ಲ ಅಂತಾರೆ. ಗುರುವಾರ ಬಂತು ಅಂದ್ರೆ ಕುರ್ಚಿ ಆಚೆ ಹಾಕ್ಕೊಂಡು ಕೂತಿರ್ತಾರೆ, ಸಂಜೆ ಕೇಳಿದ್ರೆ ಬರಲಿಲ್ಲ ಅಂತಾರೆ. ಬೈದೂ ಬೈದೂ ಸಾಕಾಗೋಯ್ತು. ಊರ ಕಾಯಿನೆಲ್ಲ ಎಣಿಸಿದ ಮಹಾರಾಯರಿಗೆ ಮನೆಗೆ ಬಂದ ಒಂದು ಹೆಣ್ಣನ್ನ ಎಣಿಸಕ್ಕಾಗಲ್ಲ.”

ಮೌನಿಕಾ ಹಾಳೆ ತೋರಿಸಿದಳು. “ಇಲ್ಲಿ ಹನ್ನೆರಡು ಇದೆ ತಾತ. ಪರವಾಗಿಲ್ಲ ಬಿಡಿ, ಮರೆತಿರ್ತೀರ.” ತನ್ನ ಪುಸ್ತಕದಲ್ಲಿ ‘ನೆನಪು ಇನ್ನಷ್ಟು ಕಮ್ಮಿ’ ಎಂದು ಬರೆದುಕೊಂಡಳು.

ಮುದುಕ ಹಾಳೆ ನೋಡಿದ, ಗೋಡೆ ನೋಡಿದ. ಎದ್ದು ಒಳಗೆ ಹೋಗಿ ಒಲೆಯಿಂದ ಒಂದು ಇದ್ದಿಲು ತಂದ. ನಾಲ್ಕನೇ ಗೆರೆ ಎಳೆದ. ಐದನೆಯದನ್ನು ಅಡ್ಡ ಹೊಡೆದ.

“ಪಾಪ, ಬಿಸಿಲಲ್ಲಿ ಬಂದ ಮಗು. ನಾನೇ ಬರೀದೆ ಬಿಟ್ಟಿದ್ದೀನಿ” ಎಂದ. “ಮಂಡೀಲಿ ಒಂದು ಗೆರೇನೂ ತಪ್ಪಿಸಿದೋನಲ್ಲ ನಾನು. ಹೋಯ್ತಮ್ಮ ಈ ತಲೆ, ಪೂರ್ತಿ ಹೋಯ್ತು.”

ಆರನೆಯ ಗೆರೆ ಸೊಟ್ಟಗಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಸುನಂದಳ ಕೆಲಸ ಉಳಿಯುತ್ತಿತ್ತು. ಆದರೆ ಮುದುಕನ ತಲೆಯಲ್ಲಿ ಸರಿಯಾಗಿ ಉಳಿದಿದ್ದ ಲೆಕ್ಕವನ್ನು ಅವನ ಕೈಯಿಂದಲೇ ಅಳಿಸಿದಂತಾಗುತ್ತಿತ್ತು. ಅವಳು ಹೋಗಿ ಅವನ ಮಣಿಕಟ್ಟು ಹಿಡಿದಳು.

“ನಿಲ್ಸಿ ತಾತ. ನಿಮ್ಮ ಲೆಕ್ಕನೇ ಸರಿ. ನಾನು ಬಂದಿದ್ದು ಮೂರೇ ಸಲ.”

ಮೌನಿಕಾಳ ಪೆನ್ನು ನಿಂತಿತು. ಬರೆದಿದ್ದ ಸಾಲನ್ನು ಹೊಡೆದು ಹಾಕಿ, “ಸಂಜೆ ಆಫೀಸಿಗೆ ಬನ್ನಿ” ಎಂದಳು ಸುನಂದಳಿಗೆ, ಮುಖ ನೋಡದೆ.

ದೊಡ್ಡಗಂಗಮ್ಮ ಗಂಡನನ್ನೇ ನೋಡುತ್ತಿದ್ದಳು. “ಒಂಬತ್ತು ವಾರ ಬೈದೆನಲ್ಲೇ ಇವರನ್ನ” ಎಂದಳು ಮೆಲ್ಲಗೆ. ಅದಕ್ಕಿಂತ ಅವಳು ಕೆನ್ನೆಗೆ ಹೊಡೆದಿದ್ದರೆ ಸುನಂದಳಿಗೆ ಹಗುರಾಗುತ್ತಿತ್ತು.

ಮುನಿರಾಮಪ್ಪ ಟವೆಲಿನ ತುದಿ ಒದ್ದೆ ಮಾಡಿ ಹೊಸ ಮೂರು ಗೆರೆಗಳನ್ನು ಒರೆಸಿದ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ.

“ಇವತ್ತು ಬಂದಿದ್ದೀಯಲ್ಲ, ಮಾಡ್ಸು.”

ಅವನು ಎದ್ದ, ಕೂತ. ಸುನಂದ ಎಣಿಸತೊಡಗಿದಳು. ನಾಲ್ಕರ ನಂತರ ಎಣಿಕೆ ತಪ್ಪಿದಳು. ಉಳಿದದ್ದನ್ನು ಅವನೇ ಎಣಿಸಿಕೊಂಡ, ಒಂದೂ ತಪ್ಪಿಲ್ಲದೆ. ಹತ್ತು ಮುಗಿದ ಮೇಲೆ ಇದ್ದಿಲನ್ನು ಅವಳತ್ತ ಚಾಚಿದ.

“ನಾಲ್ಕನೇದು. ನೀನೇ ಎಳಿ.”

ಇದ್ದಿಲು ತೆಗೆದುಕೊಂಡಳು. ಕೈ ಮೇಲೇಳಲಿಲ್ಲ. ಮುದುಕ ಅದನ್ನು ವಾಪಸು ತೆಗೆದುಕೊಂಡು ತಾನೇ ಗೆರೆ ಎಳೆದ.