ಹತ್ತನೆಯ ಹೆಸರು

ಶಾಂತಪ್ಪ ಮಾಸ್ತರರು ತಾರ್ನಾಕ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬರುವ ಹೊತ್ತಿಗೆ ಸೂಗಮ್ಮ ಮತ್ತು ಅವಳ ಮಗಳು ಕಾವ್ಯಾ ಬಂದು ನಿಂತು ಅರ್ಧ ಗಂಟೆಯಾಗಿತ್ತು. ಸೂಗಮ್ಮ ಅಂದು ರೊಟ್ಟಿ ಬಡಿಯುವ ಕೆಲಸಕ್ಕೆ ರಜೆ ಹಾಕಿದ್ದಳು.

"ನೀವು ಬರ್ತೀನಂದ್ರಿ, ನನಗ ಧೈರ್ಯ ಬಂತ್ ನೋಡ್ರಿ ಮಾಸ್ತರ್ರ. ಕಾಗದಪತ್ರದ ಕೆಲಸ, ಓದಿದವರು ಒಬ್ರು ಸಂಗಾಟ ಇರಬೇಕು."

"ಅವ್ವಾ, ನನಗೂ ಓದಾಕ ಬರ್ತೈತಿ," ಎಂದಳು ಕಾವ್ಯಾ.

"ಬರ್ತೈತಿ, ಬರ್ತೈತಿ. ಇಂಗ್ಲಿಷ್‌ನಾಗ ಮೂವತ್ತೆಂಟು ಬಂದಿದ್ದು ನಂಗೇನ್ ಗೊತ್ತಿಲ್ಲಂತ ಮಾಡಿಯೇನು?"

ಮಾಸ್ತರರು ನಕ್ಕರು. ಸೇಡಂ ಕಡೆಯ ಅವರ ಊರಿನ ಶಾಲೆಯಲ್ಲಿ ಕಾವ್ಯಾಳ ಕೈಹಿಡಿದು ಅಕ್ಷರ ತಿದ್ದಿಸಿದವರು ಅವರೇ. ನಿವೃತ್ತರಾದ ಮೇಲೆ ತಾರ್ನಾಕದಲ್ಲಿ ಮಗಳ ಮನೆಗೆ ಬಂದಿದ್ದರು. ಸೂಗಮ್ಮ ಅದಕ್ಕೂ ಮೊದಲೇ ಮಗಳನ್ನು ಕರೆದುಕೊಂಡು ಬಂದು, ಅಲ್ಲಿನ ಒಂದು ಮೆಸ್ಸಿನಲ್ಲಿ ಜೋಳದ ರೊಟ್ಟಿ ಮಾಡುತ್ತಿದ್ದಳು. ಗಂಡ ಸೂರ್ಯಕಾಂತ ಊರಲ್ಲೇ ಉಳಿದು ಹೊಲ ನೋಡುತ್ತಿದ್ದ. ವಿಶ್ವವಿದ್ಯಾಲಯದ ಬಯಲಿನಲ್ಲಿ ಹುಡುಗರ ಜೊತೆ ಚೆಂಡು ಒದೆಯುತ್ತ ಬೆಳೆದ ಕಾವ್ಯಾ ಈಗ ಶಾಲೆಯ ಫುಟ್‌ಬಾಲ್ ತಂಡದ ಮುಂಚೂಣಿಯ ಆಟಗಾರ್ತಿ. ಇವತ್ತು ಗಚ್ಚಿಬೌಲಿಯ ದೊಡ್ಡ ಮೈದಾನದಲ್ಲಿ ಹದಿನೇಳು ವರ್ಷದೊಳಗಿನ ಹುಡುಗಿಯರ ಆಯ್ಕೆ. ದೇಶದ ತಂಡಗಳು ಆಡಿದ ಮೈದಾನ ಅದು. ಇಪ್ಪತ್ತು ಹುಡುಗಿಯರನ್ನು ಆರಿಸಿ, ಊಟ ವಸತಿ ಕೊಟ್ಟು ಎರಡು ವರ್ಷ ಆಟ ಕಲಿಸುತ್ತಾರಂತೆ. ಕಾವ್ಯಾ ಮೂರು ತಿಂಗಳಿಂದ ನಸುಕಿನಲ್ಲೇ ಎದ್ದು ಓಡುತ್ತಿದ್ದಳು.

ರೈಲಿನಲ್ಲಿ ಸೀಟು ಸಿಕ್ಕಮೇಲೆ ಸೂಗಮ್ಮ ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನು ತೆಗೆದುಕೊಟ್ಟಳು. "ಎಲ್ಲಾ ಬರೋಬ್ಬರಿ ಅದಾವಿಲ್ಲ ಒಂದೀಟು ನೋಡ್ರಿ."

ಮಾಸ್ತರರು ಕನ್ನಡಕ ಏರಿಸಿ ಪ್ರಕಟಣೆಯನ್ನು ನಿಧಾನವಾಗಿ ಓದಿದರು. ಐದನೆಯ ಸಾಲಿನಲ್ಲಿ, ಎರಡು ಸಾವಿರದ ಒಂಬತ್ತರ ಜನವರಿ ಒಂದರಂದು ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಅವಕಾಶ ಎಂದಿತ್ತು. ಕೆಳಗಿನ ಕಾಗದ ಊರಿನ ಶಾಲೆಯ ಪ್ರಮಾಣಪತ್ರ. ಜನ್ಮ ದಿನಾಂಕ: ಒಂದು, ಜೂನ್, ಎರಡು ಸಾವಿರದ ಎಂಟು. ಆಧಾರ್ ಕಾರ್ಡಿನಲ್ಲೂ ಅದೇ. ಇನ್ನೂ ಹದಿನೇಳು ತುಂಬಿಲ್ಲವಲ್ಲ, ನಡೆಯುತ್ತದೆ ಎಂದು ಈಗಿನ ಶಾಲೆಯ ಆಟದ ಮೇಷ್ಟ್ರು ಅರ್ಜಿ ಹಾಕಿಸಿದ್ದರು. ಐದನೆಯ ಸಾಲು ಯಾರೂ ಓದಿರಲಿಲ್ಲ.

ಕಾವ್ಯಾ ಹುಟ್ಟಿದ್ದು ಒಂಬತ್ತರ ಶ್ರಾವಣದಲ್ಲಿ. ಅದು ಮಾಸ್ತರರಿಗೆ ಚೆನ್ನಾಗಿ ಗೊತ್ತಿತ್ತು.

ಅವಳನ್ನು ಸೇರಿಸಿಕೊಂಡ ವರ್ಷ ಊರಿನ ಶಾಲೆಯಲ್ಲಿ ಒಂಬತ್ತು ಮಕ್ಕಳು ಉಳಿದಿದ್ದರು. ಹತ್ತಕ್ಕಿಂತ ಕಡಿಮೆಯಾದರೆ ಪಕ್ಕದೂರಿನ ಶಾಲೆಗೆ ಸೇರಿಸುತ್ತೇವೆ ಎಂದು ಮೇಲಿನವರು ಹೇಳಿದ್ದರು. ಅಂಗನವಾಡಿ ಬಿಟ್ಟು ಬಂದು ಶಾಲೆಯ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದ ಹುಡುಗಿಯನ್ನು ಅವರೇ ಒಳಗೆ ಕರೆದು ಕೂರಿಸಿದ್ದರು. ಒಂದನೆಯ ತರಗತಿಗೆ ಸೇರಲು ಐದು ತುಂಬದವಳಿಗೆ ಆರು ತುಂಬಬೇಕಿತ್ತು. ಊರಿನ ಎಲ್ಲ ಮಕ್ಕಳಿಗೂ ಬರೆಯುವಂತೆ ಜೂನ್ ಒಂದು ಎಂದು ಬರೆದು, ಇಸವಿಯನ್ನು ಒಂದು ಹಿಂದಕ್ಕೆ ಹಾಕಿದ್ದರು. ಮಸಿ ಆರುವ ಮೊದಲೇ ಆ ಮಾತು ಮರೆತೂ ಬಿಟ್ಟಿದ್ದರು.

ಅಮೀರ್‌ಪೇಟೆ ಬಂತು. ಇಲ್ಲೇ ಇಳಿದು ಹೇಳಿಬಿಡಬಹುದು ಎಂದುಕೊಂಡರು. ಕಾವ್ಯಾ ಕಿಟಕಿಯ ಕಡೆ ಮುಖಮಾಡಿ ಬೂಟಿನ ತುದಿಯಿಂದ ನೆಲಕ್ಕೆ ಮೆಲ್ಲಗೆ ತಟ್ಟುತ್ತಿದ್ದಳು. ಬಾಗಿಲು ಮುಚ್ಚಿಕೊಂಡಿತು.

"ಬರೋಬ್ಬರಿ ಅದಾವೇನ್ರಿ?" ಎಂದಳು ಸೂಗಮ್ಮ.

"ಹೂಂ. ನೋಡೂಣು," ಎಂದರು ಮಾಸ್ತರರು.

ಮಾದಾಪುರ ದಾಟಿ ಕೊನೆಯ ನಿಲ್ದಾಣದಲ್ಲಿಳಿದು ಆಟೊ ಹಿಡಿದರು. ಮೈದಾನದೊಳಗೆ ಕಾಲಿಟ್ಟ ಕೂಡಲೇ ಸೂಗಮ್ಮ ನಿಂತುಬಿಟ್ಟಳು. ಸುತ್ತಲೂ ಮೇಲೆ ಮೇಲೆ ಏರಿಹೋದ ಕುರ್ಚಿಗಳು, ನಡುವೆ ಕೈಯಿಂದ ಸವರಿಟ್ಟಂಥ ಹಸಿರು.

"ಇಷ್ಟು ಹುಲ್ಲು! ನಮ್ಮ ಎಮ್ಮಿಗೆ ಒಂದು ವರ್ಷಕ್ಕ ಸಾಕಾಗತೈತಲ್ಲ."

"ಅವ್ವಾ, ಮೆಲ್ಲಗ. ಯಾರರೆ ಕೇಳ್ಯಾರು."

"ಕೇಳ್ಲಿ ಬಿಡು. ಎಮ್ಮಿ ಇದ್ದವರಿಗೆ ತಿಳಿತೈತಿ."

ಕಾವ್ಯಾ ಬಗ್ಗಿ ಹುಲ್ಲನ್ನು ಅಂಗೈಯಿಂದ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಮಾಸ್ತರರು ಬೇರೆ ಕಡೆ ನೋಡಿದರು.

ನೆರಳಿನಲ್ಲಿ ಹಾಕಿದ್ದ ಮೇಜಿನ ಹಿಂದೆ ಒಬ್ಬ ಹೆಂಗಸು ಕಾಗದ ಪರಿಶೀಲಿಸುತ್ತಿದ್ದಳು. ಸಾಲು ಕರಗಿ ಇವರ ಸರದಿ ಬಂತು. ಅವಳು ಪ್ರಮಾಣಪತ್ರವನ್ನೂ ಆಧಾರ್ ಕಾರ್ಡನ್ನೂ ಎರಡು ಸಲ ನೋಡಿ, ತೆಲುಗಿನಲ್ಲಿ ಮೆತ್ತಗೆ ಹೇಳಿದಳು: ಹುಡುಗಿ ಎಂಟರಲ್ಲಿ ಹುಟ್ಟಿದವಳು, ಒಂಬತ್ತು ಇರಬೇಕಿತ್ತು, ತಾನೇನೂ ಮಾಡುವಂತಿಲ್ಲ.

"ಒಂಬತ್ತೇ ಐತ್ರಿ ಮೇಡಂ! ನಾ ಹಡದೀನಿ, ನನಗ ಗೊತ್ತಿಲ್ಲೇನು?" ಸೂಗಮ್ಮನ ಬಾಯಲ್ಲಿ ತೆಲುಗು ಹೋಗಿ ಕನ್ನಡವೇ ಬಂತು. ಆ ಹೆಂಗಸು ಕಾಗದಗಳನ್ನು ಜೋಡಿಸಿ ಹಿಂದಕ್ಕೆ ಕೊಟ್ಟು, ಮುಂದಿನವರನ್ನು ಕರೆದಳು.

ಮೂವರೂ ಬದಿಗೆ ಸರಿದರು. ಸೂಗಮ್ಮ ಫೋನ್ ತೆಗೆದು ಗಂಡನಿಗೆ ಹಚ್ಚಿದಳು. ಸಿಟ್ಟಿನಲ್ಲಿ ಸ್ಪೀಕರ್ ಒತ್ತಿದ್ದೂ ಅವಳಿಗೆ ಗೊತ್ತಾಗಲಿಲ್ಲ.

"ಏ, ಮಗಳನ್ನ ಸಾಲಿಗೆ ಹಚ್ಚುವಾಗ ಏನಂತ ಬರೆಸೀದಿ? ಕುಡದು ಹೋಗಿದ್ದೇನು?"

"ಬೆಳಿಗ್ಗೆ ಬೆಳಿಗ್ಗೆ ಏನಾತಬೇ ನಿನಗ?"

"ಕೂಸಿನ ಬಾಳೇ ಹಾಳು ಮಾಡಿಟ್ಟೀದಿ. ಎಂಟು ಅಂತ ಬರೆಸಿದಿಯಂತ!"

"ನಾ ಶ್ರಾವಣ ಅಂದೀನಿ, ದೊಡ್ಡ ಬಾವಿ ತೋಡಿದ ವರ್ಷ ಅಂದೀನಿ. ಅದು ಒಂಬತ್ತು. ದೇವರಾಣಿ! ಬೇಕಾದ್ರ ಮಾಸ್ತರ್ನ ಕೇಳು."

"ಮಾಸ್ತರ್ರು ಇಲ್ಲೇ ನಿಂತಾರ! ಅವರ ಮುಂದ ಸುಳ್ಳು ಹೇಳ್ತಿ, ನಾಚಿಕಿ ಇಲ್ಲದಾಂವ! ಅವರು ಕೇಳಿದ್ದು ಬಿಟ್ಟು ಬ್ಯಾರೆ ಬರೀತಾರೇನು?"

ಫೋನಿನಲ್ಲಿ ಸೂರ್ಯಕಾಂತನ ದನಿ ಸಣ್ಣದಾಯಿತು. "ಹಂಗಾರ ನಾನೇ ತಪ್ಪು ಹೇಳಿರಬೇಕು. ನೆನಪಿಲ್ಲ ನನಗ."

ಇನ್ನು ಯಾರೂ ಏನೂ ಕೇಳುವುದಿಲ್ಲ ಎಂದು ಮಾಸ್ತರರಿಗೆ ತಿಳಿಯಿತು. ಸುಮ್ಮನೆ ನಿಂತರೆ ಸಾಕಿತ್ತು.

"ಸೂಗಮ್ಮಾ, ಆತ ಖರೇ ಹೇಳಾಕತ್ತಾನ. ಶ್ರಾವಣ ಅಂತ್ಲೇ ಹೇಳಿದ್ದ. ನಾನೇ ಹಿಂದಕ್ಕ ಹಾಕಿ ಬರದೆ."

ಸೂಗಮ್ಮ ಫೋನನ್ನು ಕಿವಿಯ ಹತ್ತಿರ ಹಿಡಿದೇ ಇದ್ದಳು. ಒಳಗಿನಿಂದ ಸೂರ್ಯಕಾಂತ ಹಲೋ, ಹಲೋ ಎನ್ನುತ್ತಿದ್ದ. ಕಾವ್ಯಾ ಅದನ್ನು ತೆಗೆದುಕೊಂಡು, "ಅಪ್ಪಾ, ನಿಂದೇನೂ ತಪ್ಪಿಲ್ಲ, ಇಡು," ಎಂದು ಫೋನ್ ಇಟ್ಟಳು.

"ಯಾಕ್ರಿ ಸರ?"

"ಹತ್ತು ಮಕ್ಕಳು ಬೇಕಿದ್ವು. ನೀ ಹತ್ತನೇದಾಕಿ."

"ಇಲ್ಲಾಂದ್ರ ಸಾಲಿ ಮುಚ್ಚತಿತ್ತೇನ್ರಿ?"

ಹೌದು, ನಿಮ್ಮ ಸಲುವಾಗಿಯೇ ಮಾಡಿದೆ ಎಂದುಬಿಡಬಹುದಿತ್ತು. ಬರೆಯುವಾಗ ತಮಗೆ ತಾವೇ ಹಾಗೆಯೇ ಹೇಳಿಕೊಂಡಿದ್ದರು.

"ಪಕ್ಕದೂರಿನ ಸಾಲಿ ಒಂದೂವರೆ ಮೈಲಿ. ನೀವೆಲ್ಲ ನಡದು ಹೋಗತಿದ್ರಿ. ನನ್ನ ವರ್ಗ ಆಗತಿತ್ತು. ಮನಿ ಹೊಸದಾಗಿ ಕಟ್ಟಿಸಿದ್ದೆ, ಬಿಟ್ಟು ಹೋಗೂ ಮನಸಿರಲಿಲ್ಲ."

ಅವರು ಮೇಜಿನ ಹತ್ತಿರ ತಿರುಗಿ ಹೋದರು. ತಾನೇ ಆ ಶಾಲೆಯ ಮಾಸ್ತರ, ತಪ್ಪು ತನ್ನದೆಂದು ಬರೆದು ಸಹಿ ಮಾಡಿಕೊಡುತ್ತೇನೆ ಎಂದರು. ಆ ಹೆಂಗಸು ಪೂರ್ತಿ ಕೇಳಿಸಿಕೊಂಡಳು. ದಾಖಲೆ ತಿದ್ದುಪಡಿಯಾಗಿ ಬರಬೇಕು, ಇವತ್ತೇ ಕೊನೆಯ ದಿನ, ಮುಂದಿನ ವರ್ಷಕ್ಕೆ ಹತ್ತರಲ್ಲಿ ಹುಟ್ಟಿದವರು ಬೇಕು ಎಂದಳು. ಬೇಕಾದರೆ ಮೇಲೆ ಕೂತು ಆಟ ನೋಡಿರಿ ಎಂದೂ ಹೇಳಿದಳು.

ಮರಳಿ ಬರುವಷ್ಟರಲ್ಲಿ ತಾಯಿ ಮಗಳು ಮೆಟ್ಟಿಲ ಮೇಲೆ ಕೂತಿದ್ದರು. ಕೆಳಗೆ ಹುಡುಗಿಯರು ಸಾಲಾಗಿ ಓಡತೊಡಗಿದ್ದರು. ಮಾಸ್ತರರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸೂಗಮ್ಮ ಅವರ ಮುಖ ನೋಡಲಿಲ್ಲ.

"ನೀವು ಮನಿಗೆ ನಡೀರಿ," ಎಂದಳು.

"ತಡೀ ಅವ್ವಾ." ಕಾವ್ಯಾ ತಲೆಯೆತ್ತಿದಳು. ಕಣ್ಣು ಕೆಂಪಗಿದ್ದವು, ದನಿ ಗಟ್ಟಿಯಿತ್ತು. "ಸರ, ನಂದೊಂದೇ ಏನು? ಮತ್ಯಾರದರೆ ಹಿಂಗ ಬರದೀರಿ?"

ಮಾಸ್ತರರು ಕೆಳಗಿನ ಮೆಟ್ಟಿಲ ಮೇಲೆ ಕೂತರು. ಆ ಶಾಲೆಯಲ್ಲಿ ಹದಿನೆಂಟು ವರ್ಷ. ಮಕ್ಕಳು ಕಡಿಮೆ ಬಿದ್ದ ವರ್ಷಗಳು ನಾಲ್ಕೋ ಐದೋ.

"ಅದಾವ."

"ಯಾರ್ಯಾರದು?"

"ಧನಶ್ರೀದು ಒಂದು. ಕೆಳಗಿನ ಓಣಿಯಾಕಿ. ಆಕೀದು ಎರಡು ವರ್ಷ."

ಸೂಗಮ್ಮ ಗಕ್ಕನೆ ತಿರುಗಿದಳು. "ಆಕೀ ಲಗ್ನದಾಗ ಅಂಗನವಾಡಿ ಬಾಯಿ ಬಂದು ತಡದಿದ್ಲಲ್ರಿ. ಹದಿನೆಂಟಾಗೈತಿ ಅಂತ ಆಕೀ ಅಪ್ಪ ನಿಮ್ಮ ಸಾಲಿ ಕಾಗದಾನೇ ತೋರಿಸಿದ್ದ."

"ಹದಿನಾರಾಗಿತ್ತು," ಎಂದರು ಮಾಸ್ತರರು. "ನಾನೂ ಆ ಲಗ್ನದ ಊಟಕ್ಕ ಹೋಗಿದ್ದೆ."

ಕೆಳಗೆ ಸೀಟಿ ಊದಿದರು. ಆಟ ಶುರುವಾಯಿತು. ಕಾವ್ಯಾ ಆ ಕಡೆ ಒಂದು ಸಲ ನೋಡಿದಳು.

"ಇನ್ನೊಂದು ಹೆಸರು ಹೇಳ್ರಿ," ಎಂದಳು.